'ಸೆಕ್ಯೂರಿಟಿ' ಎಂಬ ಪದದ ಒಳಹೊರಗು

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಕಚೇರಿಗೆ ಯುವಕರೊಬ್ಬರು ತಮ್ಮ ಮಗುವಿನ ಜ್ಞಾನಸ್ನಾನದ ವಿವರಗಳನ್ನು ಬರೆಸಲು ಬಂದಿದ್ದರು. ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಬಂದಿದ್ದಾರೆಂಬುದನ್ನು ಅವರ ಕಣ್ಣುಗಳೇ ಹೇಳುತ್ತಿದ್ದವು. ತಂದೆಯ ಹೆಸರು, ತಾಯಿಯ ಹೆಸರು, ವಿಳಾಸ ಎಲ್ಲವನ್ನೂ ಬರೆದುಕೊಂಡು 'ಉದ್ಯೋಗ' ಎಂಬ ಅಂಕಣಕ್ಕೆ ಬಂದೆ. "ಸೆಕ್ಯೂರಿಟಿ, ಸ್ವಾಮಿ" ಎಂದರು. ಕನ್ನಡದ ಮೇಲಿನ ಅಭಿಮಾನದಿಂದ ನಾನು 'ಕಾವಲುಗಾರ' ಎಂದು ಬರೆಯಲು ಲೇಖನಿ ಎತ್ತಿದೆ. ಅವರು ಸಂಕೋಚದಿಂದಲೇ ತಡೆದರು: "ದಯವಿಟ್ಟು ಸೆಕ್ಯೂರಿಟಿ ಎಂದೇ ಬರೆಯಿರಿ ಸ್ವಾಮಿ. ಮುಂದೆ ಮಗು ಅದನ್ನು ಓದುತ್ತದೆ." ಅವರ ಇಚ್ಛೆಯಂತೆಯೇ ಬರೆದೆ. ಕೆಲಸ ಕಾಯಂ ಆಗಿದೆಯೇ ಎಂದು ಮಾತಿಗೆ ಕೇಳಿದಾಗ ಅವರು ನಕ್ಕು ಹೇಳಿದರು: "ಸೆಕ್ಯೂರಿಟಿ ಕೆಲಸಕ್ಕೆ ಸೆಕ್ಯೂರಿಟಿ ಎಲ್ಲಿದೆ ಸ್ವಾಮಿ?"

ಅವರು ಹೊರಟುಹೋದ ಮೇಲೂ ಆ ವಾಕ್ಯ ನನ್ನನ್ನು ಬಿಡಲಿಲ್ಲ. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಬಾರಿ ಬಂದಿತ್ತು. ಒಂದು ಕಡೆ ಅದು ಕೆಲಸದ ಹೆಸರು, ಇನ್ನೊಂದು ಕಡೆ ಆ ಕೆಲಸದಲ್ಲಿ ಇಲ್ಲದಿರುವುದರ ಹೆಸರು. ಒಂದು ಪದ ತನ್ನನ್ನು ತಾನೇ ಹೀಗೆ ಅಲ್ಲಗಳೆಯುವ ಸ್ಥಿತಿಗೆ ಬಂದಿದ್ದರೆ ಅದನ್ನು ನಿಲ್ಲಿಸಿ ವಿಚಾರಿಸುವುದು ಒಳ್ಳೆಯದು. ನಮ್ಮ ಮನೆಗಳ ಗೇಟಿನಲ್ಲಿ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುವುದು ಆ ಪದದ ಹೆಸರಿನಲ್ಲೇ ಅಲ್ಲವೇ?

ಪದ ನಮ್ಮ ನಡುವೆ ಎಷ್ಟು ಹರಡಿದೆ ಎಂಬುದನ್ನು ಮೊದಲು ಗಮನಿಸೋಣ. ಬಾಡಿಗೆ ಮನೆಗೆ ಸೆಕ್ಯೂರಿಟಿ ಡೆಪಾಸಿಟ್, ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿ ಚೆಕ್, ಮಂತ್ರಿಗಳ ಹಿಂದೆ ಮುಂದೆ ಸೆಕ್ಯೂರಿಟಿ. ಮಗಳಿಗೆ ವರ ಹುಡುಕುವ ತಾಯ್ತಂದೆಯರು "ಹುಡುಗನ ಕೆಲಸಕ್ಕೆ ಸೆಕ್ಯೂರಿಟಿ ಇದೆಯೇ?" ಎಂದು ವಿಚಾರಿಸುತ್ತಾರೆ. ಇವೆಲ್ಲ ಇಂಗ್ಲಿಷಿನಲ್ಲೂ ಉಂಟು. ಆದರೆ ಕನ್ನಡದ ನಾಲಿಗೆಗೆ ಬಂದ ಮೇಲೆ ಈ ಪದಕ್ಕೆ ಇನ್ನೊಂದು ಅರ್ಥ ಗಟ್ಟಿಯಾಗಿ ಅಂಟಿಕೊಂಡಿತು. ಗುಣವಾಚಕ ನಾಮಪದವೊಂದು ಮನುಷ್ಯನ ಹೆಸರಾಯಿತು. "ಸೆಕ್ಯೂರಿಟಿ ಊಟಕ್ಕೆ ಹೋಗಿದ್ದಾನೆ", "ಸೆಕ್ಯೂರಿಟಿಯನ್ನು ಕರೆಯಿರಿ", "ಹಳೆಯ ಸೆಕ್ಯೂರಿಟಿ ಬಿಟ್ಟುಹೋದ". ಮಕ್ಕಳು ತುಸು ಹೆಚ್ಚು ಸಂಸ್ಕಾರವಂತರು. ಅವರು 'ಸೆಕ್ಯೂರಿಟಿ ಅಂಕಲ್' ಎನ್ನುತ್ತಾರೆ. ಐದು ವರ್ಷ ನಮ್ಮ ಗೇಟನ್ನು ತೆರೆದು ಮುಚ್ಚಿದ ಮನುಷ್ಯನ ಹೆಸರು ಆ ಕಟ್ಟಡದ ನೂರು ಮನೆಗಳಲ್ಲಿ ಎಷ್ಟು ಮನೆಗಳಿಗೆ ಗೊತ್ತಿದ್ದೀತು?

ಪದದ ಹುಟ್ಟನ್ನು ನೋಡಿದರೆ ಸಮಸ್ಯೆಯ ಬೇರು ಕಾಣುತ್ತದೆ. ಗುರುಮಠದಲ್ಲಿ ಕಲಿತ ಅಲ್ಪಸ್ವಲ್ಪ ಲ್ಯಾಟಿನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. 'ಸೆಕ್ಯೂರಿಟಿ'ಯ ಮೂಲ ಲ್ಯಾಟಿನ್ನಿನ 'ಸೆಕೂರಿತಾಸ್'. ಅದರಲ್ಲಿ ಎರಡು ತುಂಡುಗಳಿವೆ. 'ಸೆ' ಎಂದರೆ ಇಲ್ಲದೆ, ಹೊರತಾಗಿ. 'ಕೂರಾ' ಎಂದರೆ ಚಿಂತೆ. ಅಲ್ಲಿಗೆ ಸೆಕ್ಯೂರಿಟಿ ಎಂದರೆ ಅಕ್ಷರಶಃ ನಮ್ಮ 'ನಿಶ್ಚಿಂತೆ'. ರೋಮಿನ ಚಿಂತಕ ಸಿಸೆರೋ ಈ ಪದವನ್ನು ಮನಸ್ಸಿನ ಕ್ಲೇಶಗಳಿಲ್ಲದ ಸ್ಥಿತಿ ಎಂಬರ್ಥದಲ್ಲಿ ಬಳಸಿದ್ದಾನೆ. ಬೀಗ, ಬಾಗಿಲು, ಸೈನಿಕರಿಗೂ ಅದಕ್ಕೂ ಆಗ ಸಂಬಂಧವಿರಲಿಲ್ಲ. ಅದು ಮನುಷ್ಯನ ಒಳಗಿನ ಪ್ರಶಾಂತಿಯ ಹೆಸರಾಗಿತ್ತು. ಮುಂದೆ ರೋಮ್ ಚಕ್ರಾಧಿಪತ್ಯವಾದಾಗ ಇದೇ ಪದ ದೇವತೆಯಾಗಿ ನಾಣ್ಯಗಳನ್ನೇರಿತು. ಚಕ್ರವರ್ತಿ ನೀರೋನ ನಾಣ್ಯಗಳ ಮೇಲೆ 'ಸೆಕೂರಿತಾಸ್' ಪೀಠದಲ್ಲಿ ಒರಗಿ ಕುಳಿತು, ತಲೆಯನ್ನು ಕೈಗೆ ಆನಿಸಿ ವಿಶ್ರಮಿಸುತ್ತಿದ್ದಾಳೆ. ಚಕ್ರವರ್ತಿ ಇರುವಾಗ ನಿಮಗೇಕೆ ಚಿಂತೆ ಎಂಬುದೇ ಆ ಚಿತ್ರದ ಸಂದೇಶ. ನೀರೋನ ಆಳ್ವಿಕೆ ಯಾರಿಗೆ ಎಷ್ಟು ನಿಶ್ಚಿಂತೆಯನ್ನು ತಂದಿತೆಂಬುದನ್ನು ಕ್ರೈಸ್ತ ವಾಚಕರಿಗೆ ನೆನಪಿಸಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಲ್ಯಾಟಿನ್ನಿನ 'ಕೂರಾ' ಪದಕ್ಕೆ ಚಿಂತೆ ಎಂಬ ಅರ್ಥ ಇರುವಂತೆಯೇ ಕಾಳಜಿ, ಆರೈಕೆ ಎಂಬ ಅರ್ಥವೂ ಇದೆ. ರೋಗವನ್ನು ಗುಣಪಡಿಸುವುದಕ್ಕೆ ಇಂಗ್ಲಿಷಿನವರು 'ಕ್ಯೂರ್' ಎನ್ನುವುದು ಇದರಿಂದಲೇ. ಧರ್ಮಸಭೆಯಲ್ಲಿ ಜನರ ಆತ್ಮಗಳ ಆರೈಕೆಗೆ ನೇಮಕವಾದ ಗುರುವನ್ನು 'ಕ್ಯೂರೆಟ್' ಎಂದು ಕರೆಯುವುದೂ ಇದರಿಂದಲೇ. ಹಾಗಾದರೆ 'ಸೆ' ಎಂಬ ಪುಟ್ಟ ಉಪಸರ್ಗ ಬಂದು 'ಕೂರಾ'ವನ್ನು ಹೊರಗೆ ಹಾಕಿದಾಗ ಹೊರಗೆ ಹೋಗುವುದು ಯಾವುದು, ಚಿಂತೆಯೋ ಕಾಳಜಿಯೋ? ಪದದ ಒಳಗೇ ಈ ಗೊಂದಲ ಕುಳಿತಿದೆ. ಚಿಂತೆ ಹೋದರೆ ನೆಮ್ಮದಿ. ಕಾಳಜಿ ಹೋದರೆ ಉಳಿಯುವುದು ನಿರ್ಲಕ್ಷ್ಯ. ಎರಡಕ್ಕೂ ಹೆಸರು ಒಂದೇ.

ಹಳೆಯ ಇಂಗ್ಲಿಷ್ ಬರಹಗಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಕಾಲದಲ್ಲಿ 'ಸೆಕ್ಯೂರಿಟಿ' ಅನೇಕ ವೇಳೆ ಬೈಗುಳದ ಪದವಾಗಿತ್ತು. 17ನೆಯ ಶತಮಾನದ ಆರಂಭದ 'ಮ್ಯಾಕ್‌ಬೆತ್' ನಾಟಕದಲ್ಲಿ ಮಾಟಗಾತಿಯರ ಒಡತಿ ನಾಯಕನನ್ನು ಕೆಡವಲು ಆರಿಸಿಕೊಳ್ಳುವ ಅಸ್ತ್ರ ಇದೇ. ತನಗೇನೂ ಆಗದೆಂಬ ಭಾವನೆ ಅವನಲ್ಲಿ ತುಂಬಿದರೆ ಸಾಕು, ಉಳಿದ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಾನೆಂಬುದು ಅವಳ ಲೆಕ್ಕ. ಜಾನ್ ಬನಿಯನ್ 1682ರಲ್ಲಿ ಪ್ರಕಟಿಸಿದ 'ದಿ ಹೋಲಿ ವಾರ್' ಎಂಬ ರೂಪಕ ಕಥೆಯಲ್ಲಿ 'ಕಾರ್ನಲ್ ಸೆಕ್ಯೂರಿಟಿ' ಎಂಬ ಪಾತ್ರವೇ ಇದೆ. ಗೆದ್ದ ನಗರದ ಜನರನ್ನು ಹೊಗಳಿ, ಔತಣ ನೀಡಿ, ಮೈಮರೆಸಿ, ಅವರ ರಾಜನಿಂದಲೇ ಅವರನ್ನು ದೂರ ಮಾಡುವವನು ಅವನು. ಇನ್ನೂ ಹಿಂದಕ್ಕೆ ಹೋದರೆ ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರ ಸಿಗುತ್ತದೆ. ಶಾಂತಿಯಿದೆ, ಭದ್ರತೆಯಿದೆ ಎಂದು ಜನ ಹೇಳಿಕೊಳ್ಳುವ ಗಳಿಗೆಯಲ್ಲೇ ಕೇಡು ಹಠಾತ್ತನೆ ಎರಗುತ್ತದೆಂದು ಅವರು ಅಲ್ಲಿ ಎಚ್ಚರಿಸುತ್ತಾರೆ. ಲ್ಯಾಟಿನ್ ವಲ್ಗೇಟ್ ಆ ಜಾಗದಲ್ಲಿ ಬಳಸಿರುವ ಪದ 'ಸೆಕೂರಿತಾಸ್'.

ಬೈಗುಳವಾಗಿದ್ದ ಪದ ಬಿರುದಾದದ್ದು ಹೇಗೆ? ನ್ಯಾಯಾಲಯ ಮತ್ತು ಮಾರುಕಟ್ಟೆಯ ದಾರಿಯಿಂದ. ಸಾಲಕ್ಕೆ ಒತ್ತೆ ಇಡುವ ಆಸ್ತಿ, ಸಾಲಗಾರನ ಪರವಾಗಿ ನಿಲ್ಲುವ ಜಾಮೀನುದಾರ ಇವೆಲ್ಲ 'ಸೆಕ್ಯೂರಿಟಿ' ಎನಿಸಿಕೊಂಡವು. ಸಾಲ ಕೊಟ್ಟವನ ನಿಶ್ಚಿಂತೆಗೆ ಬೇಕಾದದ್ದು ಎಂಬರ್ಥದಲ್ಲಿ. ಅಲ್ಲಿಂದ ಸಾಲಪತ್ರಗಳೂ ಷೇರುಗಳೂ 'ಸೆಕ್ಯೂರಿಟೀಸ್' ಆದವು. 1988ರಲ್ಲಿ ಸ್ಥಾಪನೆಯಾಗಿ 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ 'ಸೆಬಿ'ಯ ಹೆಸರಿನ ಮೊದಲ ಅಕ್ಷರದಲ್ಲಿ ಅಡಗಿರುವುದೂ ಇದೇ ಪದ. ಬೆಳಿಗ್ಗೆ ಏರಿ ಸಂಜೆಗೆ ಇಳಿದು ಎಷ್ಟೋ ಜನರ ನಿದ್ದೆ ಕೆಡಿಸುವ ಕಾಗದಗಳಿಗೆ ನಿಶ್ಚಿಂತೆ ಎಂಬ ಹೆಸರಿರುವುದು ಭಾಷೆಯ ವಿನೋದವೇ ಸರಿ.

20ನೆಯ ಶತಮಾನದಲ್ಲಿ ಸರ್ಕಾರಗಳು ಈ ಪದವನ್ನು ಕೈಗೆತ್ತಿಕೊಂಡವು. ಅಮೆರಿಕದಲ್ಲಿ 1935ರ 'ಸೋಷಿಯಲ್ ಸೆಕ್ಯೂರಿಟಿ' ಕಾಯ್ದೆ ವೃದ್ಧರ ಪಿಂಚಣಿಗೂ ನಿರುದ್ಯೋಗಿಗಳ ನೆರವಿಗೂ ಈ ಹೆಸರಿಟ್ಟಿತು. 1945ರಲ್ಲಿ ವಿಶ್ವಸಂಸ್ಥೆಯ 'ಸೆಕ್ಯೂರಿಟಿ ಕೌನ್ಸಿಲ್' ಬಂತು. 1947ರಲ್ಲಿ ಅದೇ ಅಮೆರಿಕ 'ನ್ಯಾಷನಲ್ ಸೆಕ್ಯೂರಿಟಿ' ಕಾಯ್ದೆಯನ್ನು ತಂದಿತು. ಕೇವಲ 12 ವರ್ಷಗಳಲ್ಲಿ ಒಂದೇ ನಾಮಪದ ಅಜ್ಜಿಯ ಪಿಂಚಣಿಯಿಂದ ಸೈನ್ಯ, ಬೇಹುಗಾರಿಕೆಗಳವರೆಗೆ ನಡೆದುಹೋಯಿತು. ನಮ್ಮ ದೇಶದಲ್ಲೂ ಎರಡು ಕವಲುಗಳಿವೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ವ್ಯಕ್ತಿಯೊಬ್ಬನನ್ನು ವಿಚಾರಣೆಯಿಲ್ಲದೆ ಗರಿಷ್ಠ 12 ತಿಂಗಳವರೆಗೆ ಬಂಧನದಲ್ಲಿಡಲು ಅವಕಾಶ ನೀಡುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕನ್ನು ನೀಡುತ್ತದೆ. ಎರಡರಲ್ಲೂ 'ಭದ್ರತೆ' ಇದೆ. ಒಂದು ಬಾಗಿಲನ್ನು ಮುಚ್ಚುತ್ತದೆ, ಇನ್ನೊಂದು ಉಗ್ರಾಣವನ್ನು ತೆರೆಯುತ್ತದೆ.

ಆದ್ದರಿಂದ ಈ ಪದ ಎದುರಾದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಕ್ಷೇಮ. ಯಾರ ಭದ್ರತೆ? ಯಾವುದರಿಂದ ಭದ್ರತೆ? ಅದರ ಬೆಲೆ ತೆರುವವರು ಯಾರು? ಬಾಡಿಗೆ ಮನೆಯ 'ಸೆಕ್ಯೂರಿಟಿ ಡೆಪಾಸಿಟ್' ಅನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲ ನಡೆದುಬಂದಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಬೇಡವೆಂದಿತು. ಭದ್ರತೆ ಮಾಲೀಕನದು, ಸಾಲ ಮಾಡಿ ಚಿಂತೆ ಹೊರುವವನು ಬಾಡಿಗೆದಾರ. ಒಬ್ಬನ ಮನೆಯಿಂದ ಹೊರಹಾಕಿದ 'ಕೂರಾ' ಇನ್ನೊಬ್ಬನ ಹೆಗಲೇರುತ್ತದೆ. ಚಿಂತೆ ಮಾಯವಾಗುವುದಿಲ್ಲ, ಕೈ ಬದಲಾಯಿಸುತ್ತದೆ ಅಷ್ಟೆ.

ಇಲ್ಲಿ ಈ ಪದದ ನೆರೆಯವಳಾದ 'ಸೇಫ್ಟಿ'ಯನ್ನೂ ನೆನೆಯಬೇಕು. ಇಂದಿನ ಬಳಕೆಯಲ್ಲಿ 'ಸೆಕ್ಯೂರಿಟಿ' ಹೆಚ್ಚಾಗಿ ಕೆಡುಕು ಬಯಸುವ ಮನುಷ್ಯರಿಂದ ರಕ್ಷಣೆ. 'ಸೇಫ್ಟಿ' ಅಪಘಾತ, ಅನಾಹುತಗಳಿಂದ ರಕ್ಷಣೆ. ಕನ್ನಡದಲ್ಲೂ ನಾವು ವಿಮಾನ ನಿಲ್ದಾಣದಲ್ಲಿ 'ಭದ್ರತಾ ತಪಾಸಣೆ' ಎನ್ನುತ್ತೇವೆ, ಹೆದ್ದಾರಿಯಲ್ಲಿ 'ರಸ್ತೆ ಸುರಕ್ಷತೆ' ಎನ್ನುತ್ತೇವೆ. 'ಸೇಫ್' ಪದದ ಲ್ಯಾಟಿನ್ ಬೇರು 'ಸಾಲ್ವುಸ್'. ಕೇಡಿಲ್ಲದೆ ಇಡಿಯಾಗಿ ಉಳಿದದ್ದು ಎಂದು ಅದರ ಅರ್ಥ. ದೈವಶಾಸ್ತ್ರದಲ್ಲಿ ನಾವು ಹೇಳುವ 'ಸಾಲ್ವೇಷನ್', ಅಂದರೆ ಉದ್ಧಾರ, ಅದೇ ಬೇರಿನ ಚಿಗುರು. ಒಂದು ಪದ ಚಿಂತೆಯಿಲ್ಲದಿರುವುದನ್ನು ಹೇಳುತ್ತದೆ. ಇನ್ನೊಂದು ಜೀವ ಉಳಿಯುವುದನ್ನು ಹೇಳುತ್ತದೆ. ಇವೆರಡೂ ಯಾವಾಗಲೂ ಜೊತೆಯಾಗಿ ನಡೆಯುವುದಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿಯ ಹೊಗೆ ತುಂಬಿದಾಗ ಬಾಲ್ಕನಿಯ ಬಾಗಿಲಿಗೆ ಅಗುಳಿ ಹಾಕಿತ್ತು. ಹೊರಹೋಗುವ ದಾರಿಯೊಂದನ್ನು ಹೆಚ್ಚುವರಿ ಆಸನಗಳು ಮುಚ್ಚಿದ್ದವು. 59 ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಮನೆಗಳ ಕಿಟಕಿ, ಬಾಲ್ಕನಿಗಳಿಗೆ ಕಳ್ಳರ ಭಯದಿಂದ ಕಬ್ಬಿಣದ ಸರಳುಗಳನ್ನು ಬೆಸೆಯುವಾಗ ಒಳಗಿನವರು ಹೊರಬರುವ ದಾರಿಯನ್ನು ನಾವು ಯೋಚಿಸಿದ್ದೇವೆಯೇ? ಕಳ್ಳನನ್ನು ಹೊರಗಿಡುವ ಸರಳೇ ಬೆಂಕಿಯ ದಿನ ಮಕ್ಕಳನ್ನು ಒಳಗಿಡುತ್ತದೆ.

ಈಗ ಕನ್ನಡದ ಕಡೆಗೆ ತಿರುಗೋಣ. ಪತ್ರಿಕೆಗಳೂ ಸರ್ಕಾರವೂ 'ಸೆಕ್ಯೂರಿಟಿ'ಗೆ 'ಭದ್ರತೆ' ಎಂಬ ಪದವನ್ನು ನಿಲ್ಲಿಸಿವೆ. ಸಂಸ್ಕೃತದಲ್ಲಿ 'ಭದ್ರ' ಎಂದರೆ ಮಂಗಳಕರವಾದದ್ದು, ಒಳ್ಳೆಯದು. ಕನ್ನಡದ ಬಳಕೆಯಲ್ಲಿ ಅದು ಗಟ್ಟಿಮುಟ್ಟು ಎಂದಾಯಿತು: ಭದ್ರವಾದ ಬುನಾದಿ, ಭದ್ರವಾದ ಬೀಗ. ಮಂಗಳ ಮರೆಯಾಗಿ ಬೀಗ ಉಳಿಯಿತು. ಪದ ತಪ್ಪಲ್ಲ, ಆದರೆ ಅದರಲ್ಲಿ ಮನುಷ್ಯನಿಲ್ಲ.

ಮನುಷ್ಯನಿರುವ ಎರಡು ಪದಗಳು ನಮ್ಮಲ್ಲಿ ಅಚ್ಚಗನ್ನಡದವೇ ಇವೆ. ಮೊದಲನೆಯದು 'ಕಾಯು'. ಕಾಪಾಡು, ಕಾವಲು, ಕಾಪು ಇವೆಲ್ಲ ಅದರ ಮಕ್ಕಳು. ಇದೇ ಕ್ರಿಯಾಪದಕ್ಕೆ ಎದುರು ನೋಡು ಎಂಬ ಅರ್ಥವೂ ಇದೆ. ಕುರುಬ ಕುರಿ ಕಾಯುತ್ತಾನೆ. ಕಾಲೇಜಿನಿಂದ ತಡವಾಗಿ ಬರುವ ಮಗಳಿಗಾಗಿ ತಂದೆ ಬಸ್ ನಿಲ್ದಾಣದಲ್ಲಿ ಕಾಯುತ್ತಾನೆ. ಜ್ವರ ಬಂದ ಮಗುವಿನ ಪಕ್ಕದಲ್ಲಿ ತಾಯಿ ಇರುಳಿಡೀ ಕಾಯುತ್ತಾಳೆ. ಈ ಕೊನೆಯ ವಾಕ್ಯದಲ್ಲಿ ರಕ್ಷಿಸುವುದು ಯಾವುದು, ಎದುರು ನೋಡುವುದು ಯಾವುದು ಎಂದು ಬೇರ್ಪಡಿಸಲು ಯಾವ ವೈಯಾಕರಣಿಗೂ ಸಾಧ್ಯವಿಲ್ಲ. ಕನ್ನಡದ ಪಾಲಿಗೆ ಕಾಪಾಡುವುದೆಂದರೆ ತಾಳ್ಮೆಯಿಂದ, ಎಚ್ಚರದಿಂದ ಒಬ್ಬರ ಸಲುವಾಗಿ ಸಮಯ ಕೊಡುವುದು. ಎರಡನೆಯದು 'ಹೊಣೆ'. ಇಂದು ಅದು ಜವಾಬ್ದಾರಿ. ಹಳಗನ್ನಡದ 'ಪೊಣೆ' ಎಂದರೆ ಜಾಮೀನು, ಇನ್ನೊಬ್ಬನಿಗಾಗಿ ತಾನು ನಿಲ್ಲುವುದು. ಇಂಗ್ಲಿಷಿನವರು 'ಸೆಕ್ಯೂರಿಟಿ' ಎಂದು ಕರೆದ ಜಾಗದಲ್ಲಿ ನಮ್ಮ ಹಿರಿಯರು 'ಹೊಣೆ' ಎಂದರು. ಅವರದು ಪಡೆಯುವವನ ನಿಶ್ಚಿಂತೆಯನ್ನು ನೋಡಿ ಇಟ್ಟ ಹೆಸರು. ನಮ್ಮದು ನಿಲ್ಲುವವನ ಭಾರವನ್ನು ನೋಡಿ ಇಟ್ಟ ಹೆಸರು.

ಹೀಗೆ ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಊರು ಕಾಯುತ್ತಿದ್ದ ತಳವಾರನನ್ನು ಎಲ್ಲರೂ ಬಲ್ಲರು, ನಿಜ. ಆದರೆ ಆ ಕೆಲಸ ಹುಟ್ಟಿನಿಂದಲೇ ಹೆಗಲಿಗೆ ಬೀಳುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಅಂತಹ ವಂಶಪಾರಂಪರ್ಯ ಹುದ್ದೆಗಳಿಗೆ ಮಂಗಳ ಹಾಡಿತು. ನನ್ನ ಮುಂದೆ ಕುಳಿತಿದ್ದ ಆ ತಂದೆ 'ಕಾವಲುಗಾರ' ಬೇಡವೆಂದದ್ದು ಏಕೆಂದು ಈಗ ನನಗೆ ಅರ್ಥವಾಗುತ್ತದೆ. ನನಗೆ ಅಚ್ಚಗನ್ನಡದ ಸೊಗಸಾಗಿ ಕಂಡದ್ದು ಅವರಿಗೆ ತಮ್ಮ ಅಜ್ಜನ ಕಾಲದ ತಗ್ಗಿದ ತಲೆಯಾಗಿ ಕಂಡಿರಬೇಕು. 'ಸೆಕ್ಯೂರಿಟಿ' ಎಂಬ ಪದದಲ್ಲಿ ಸಮವಸ್ತ್ರವಿದೆ, ತಿಂಗಳ ಸಂಬಳವಿದೆ, ಯಾರ ಮನೆಯ ಆಳೂ ಅಲ್ಲವೆಂಬ ಗೌರವವಿದೆ. ಪದವನ್ನು ಟೀಕಿಸುವ ಹಕ್ಕು ನನಗಿರಬಹುದು. ಆ ಗೌರವವನ್ನು ಅವರಿಂದ ಕಸಿಯುವ ಹಕ್ಕಿಲ್ಲ.

ಆದರೆ ಪದ ಕೊಟ್ಟ ಗೌರವವನ್ನು ಬದುಕೂ ಕೊಟ್ಟಿದೆಯೇ? 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ ಕಾವಲು ಕೆಲಸಕ್ಕೆ ವಯಸ್ಸು, ಚಾರಿತ್ರ್ಯ, ತರಬೇತಿಗಳ ನಿಯಮಗಳನ್ನು ಹಾಕಿತು. ಕೇಂದ್ರದ 2006ರ ಮಾದರಿ ನಿಯಮಗಳು 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿಯನ್ನು ಸೂಚಿಸಿ, ಬೆಂಕಿ ನಂದಿಸುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸಬೇಕೆಂದವು. ಅಂದರೆ ಕಾನೂನಿನ ಕಣ್ಣಿನಲ್ಲಿ ಅವರು ಗೇಟು ತೆರೆಯುವ ಯಂತ್ರವಲ್ಲ. ಆಪತ್ತಿನಲ್ಲಿ ಜೀವ ಉಳಿಸಬಲ್ಲ ತರಬೇತಾದ ವ್ಯಕ್ತಿ. ಸಾಮಾಜಿಕ ಭದ್ರತೆಗಾಗಿ ಅಸಂಘಟಿತ ಕಾರ್ಮಿಕರಿಗೆಂದು 2008ರಲ್ಲಿ ಕಾಯ್ದೆ ಬಂತು, 2020ರಲ್ಲಿ ಸಂಸತ್ತು ಸಂಹಿತೆಯೊಂದನ್ನು ಅಂಗೀಕರಿಸಿತು. ಇಷ್ಟಾದರೂ ಗುತ್ತಿಗೆಯ ಮೇಲೆ ಗುತ್ತಿಗೆಯಾಗಿ ಇಳಿದುಬರುವ ಕೆಲಸದಲ್ಲಿ ನಾಳೆ ಬರಬೇಡವೆಂದು ಹೇಳಲು ಒಂದು ಫೋನ್ ಕರೆ ಸಾಕು ಎಂದು ಆ ತಂದೆ ಹೇಳಿದರು. ನಮ್ಮೆಲ್ಲರ 'ಕೂರಾ'ವನ್ನು ಹೊತ್ತು ನಿಂತವರಿಗೆ ಅವರ ಪಾಲಿನ 'ಕೂರಾ' ಕೊಡುವವರಿಲ್ಲ.

ನಮ್ಮನ್ನು ಬಿಟ್ಟು ಬೇರೆಯವರನ್ನು ದೂರುವುದು ಸುಲಭ. ಆದ್ದರಿಂದ ನನ್ನದೇ ಒಂದು ತಪ್ಪನ್ನು ಹೇಳಿಕೊಂಡು ಮುಗಿಸುತ್ತೇನೆ. ಒಂದು ಕ್ರಿಸ್ತಜಯಂತಿಯ ರಾತ್ರಿ ಜನಸಂದಣಿಗೆಂದು ನಾನು ಸೇವೆಯಲ್ಲಿದ್ದ ದೇವಾಲಯದ ಗೇಟಿಗೆ ಇಬ್ಬರು ಸೆಕ್ಯೂರಿಟಿಗಳನ್ನು ಗೊತ್ತುಮಾಡಿದ್ದೆವು. ಇರುಳಿನಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೇ ಶುಭವಾರ್ತೆ ಮೊದಲು ತಲುಪಿತೆಂದು ಒಳಗೆ ನಾನು ಭಾವಪೂರ್ಣವಾಗಿ ಪ್ರಬೋಧನೆ ಮಾಡಿದೆ. ಪೂಜೆ ಮುಗಿಯಿತು, ಕೇಕ್ ಹಂಚಿದೆವು, ದೀಪಗಳನ್ನು ಆರಿಸಿದೆವು. ಮಲಗಲು ಹೋಗುವಾಗ ಕಿಟಕಿಯಿಂದ ನೋಡಿದೆ. ಅವರಿಬ್ಬರೂ ಗೇಟಿನ ಬಳಿ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಚಳಿಯಲ್ಲಿ ನಿಂತಿದ್ದರು. ಅವರಿಗೆ ಕೇಕ್ ಕೊಟ್ಟವರಿರಲಿಲ್ಲ. ಕುಳಿತುಕೊಳ್ಳಲು ಕುರ್ಚಿ ಇಟ್ಟವರಿರಲಿಲ್ಲ. ಅವರ ಹೆಸರು ನನಗೂ ಗೊತ್ತಿರಲಿಲ್ಲ. ಇಳಿದು ಹೋಗಿ ಕೇಳಿದೆ. ಅಷ್ಟು ಹೊತ್ತಿಗೆ ಕೇಕ್ ಮುಗಿದಿತ್ತು. ಬಿಸಿ ಕಾಫಿ ಮಾತ್ರ ಸಿಕ್ಕಿತು.

ಪದವನ್ನು ನಾವು ಬದಲಾಯಿಸಬೇಕಿಲ್ಲ. ಅದು ಕನ್ನಡಕ್ಕೆ ಬಂದಾಗಿದೆ, ಮನೆಯವನಂತೆ ಇರಲಿ. ಆದರೆ ಆ ಪದ ಹೊರಹಾಕಿದ ಕಾಳಜಿಯನ್ನು ಮತ್ತೆ ಒಳಕ್ಕೆ ಕರೆದುಕೊಳ್ಳುವುದು ನಮ್ಮ ಹೊಣೆ. ನಿಮ್ಮ ಕಟ್ಟಡದ ಗೇಟಿನಲ್ಲಿ ನಿಂತವರಿಗೆ ಕುರ್ಚಿ ಇದೆಯೇ, ಕುಡಿಯುವ ನೀರು, ಶೌಚಾಲಯಗಳಿವೆಯೇ, ಹಬ್ಬದ ದಿನ ಸರದಿಯ ಮೇಲಾದರೂ ರಜೆ ಸಿಗುತ್ತದೆಯೇ ಎಂದು ಮುಂದಿನ ನಿವಾಸಿಗಳ ಸಭೆಯಲ್ಲಿ ಒಬ್ಬರಾದರೂ ಕೇಳಿ. ಅದಕ್ಕೂ ಮೊದಲು, ಇಂದು ಸಂಜೆ ಮನೆಗೆ ಮರಳುವಾಗ, ಗೇಟು ತೆರೆದವರ ಹೆಸರು ಕೇಳಿ. ನಮ್ಮ ದಾಖಲೆ ಪುಸ್ತಕದಲ್ಲಿ ಆ ಮಗುವಿನ ತಂದೆಯ ಉದ್ಯೋಗ 'ಸೆಕ್ಯೂರಿಟಿ' ಎಂದೇ ಇದೆ. ಅದರ ಪಕ್ಕದ ಅಂಕಣದಲ್ಲಿ ಅವರ ಹೆಸರೂ ಇದೆ.